ಕಾಲಮ್ ಬಿಡಿಸುವ ನನ್ನ ಮೊದಲ ಮ್ಯಾಕ್ರೋ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ಓಡುತ್ತಿದೆ: ತಪ್ಪು ಎಲ್ಲಿದೆ?

ಪ್ರಶ್ನೆ: ಹೊಸ ಅಭ್ಯಾಸಿ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ ಸ್ಟ್ರಕ್ಚರಲ್ ಡ್ರಾಯಿಂಗ್‌ಗಳನ್ನು ಮಾಡುತ್ತಿದ್ದೇನೆ, ಪ್ರೋಗ್ರಾಮಿಂಗ್ ಓದಿದವನಲ್ಲ. ಒಂದೊಂದು ಹಾಳೆಯಲ್ಲಿ ನಲವತ್ತು, ಐವತ್ತು ಕಾಲಮ್‌ಗಳು (ಕಟ್ಟಡದ ಕಂಬಗಳು) ಇರುತ್ತವೆ. ಪ್ರತಿಯೊಂದಕ್ಕೂ ಲೇಯರ್ (ಒಂದೊಂದು ಬಗೆಯ ರೇಖೆಗಳನ್ನು ಬೇರೆಯಾಗಿಡುವ ಪದರ) ಬದಲಿಸುವುದು, ಆಯತ ಎಳೆಯುವುದು, ಅದನ್ನು ಗ್ರಿಡ್ ರೇಖೆಗಳು ಕೂಡುವ ಬಿಂದುವಿಗೆ ತಂದು ಕೂರಿಸುವುದು, ಮಧ್ಯರೇಖೆಗಳನ್ನು ಹಾಕುವುದು, ಮತ್ತೆ ಹಳೆಯ ಲೇಯರಿಗೆ ಮರಳುವುದು, ಹೀಗೆ ಒಂದೇ ಕೆಲಸವನ್ನು ದಿನವಿಡೀ ಮಾಡುತ್ತ ಮಾಡುತ್ತ, ಇದನ್ನು ಒಮ್ಮೆ ಬರೆದಿಟ್ಟು ತಂತ್ರಾಂಶದಿಂದಲೇ ಮಾಡಿಸಬಹುದಲ್ಲವೇ ಎಂಬ ಆಲೋಚನೆ ಬಂತು. ಟೂಲ್‌ಬಾರ್‌ನ ಬಟನ್‌ಗೆ ಆಜ್ಞೆಗಳ ಸಾಲನ್ನು ಬರೆದಿಡುವ ಬಟನ್ ಮ್ಯಾಕ್ರೋವನ್ನು ಕೈಬಿಟ್ಟು, ಒಂದು ತಿಂಗಳಿಂದ ಆಟೋಲಿಸ್ಪ್ (ಆಟೋಕ್ಯಾಡ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಕಲಿಯುತ್ತಿದ್ದೇನೆ.

ನಾನು ಬರೆದಿರುವ ಮ್ಯಾಕ್ರೋ ಹೀಗಿದೆ. (ಫಂಕ್ಷನ್‌ಗಳ ಹೆಸರನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇವೆ.) ಮೊದಲು ಗೆಟ್‌ಪಾಯಿಂಟ್ ಮೂಲಕ ಕಾಲಮ್‌ನ ನಡುಬಿಂದುವನ್ನು ಕೇಳುತ್ತದೆ. ಆಮೇಲೆ ಗೆಟ್‌ಇಂಟ್ ಮೂಲಕ ಅಗಲವನ್ನೂ ಉದ್ದವನ್ನೂ ಮಿಲಿಮೀಟರಿನಲ್ಲಿ ಕೇಳಿ, ಎರಡನ್ನೂ 2ರಿಂದ ಭಾಗಿಸಿ, ಪೋಲಾರ್ (ಒಂದು ಬಿಂದುವಿನಿಂದ ಕೊಟ್ಟ ಕೋನದಲ್ಲಿ, ಕೊಟ್ಟ ದೂರದಲ್ಲಿರುವ ಬಿಂದುವನ್ನು ಕೊಡುವ ಫಂಕ್ಷನ್) ಬಳಸಿ ನಾಲ್ಕು ಮೂಲೆಗಳನ್ನು ಲೆಕ್ಕ ಹಾಕುತ್ತದೆ. ನಂತರ ಕಮಾಂಡ್ ಫಂಕ್ಷನ್ ಮೂಲಕ ಕಾಲಮ್ ಲೇಯರಿಗೆ ಹೋಗಿ, ಪಿಲೈನ್‌ನಿಂದ (ಹಲವು ತುಂಡುಗಳು ಸೇರಿ ಒಂದೇ ವಸ್ತುವಾಗುವ ರೇಖೆ) ನಾಲ್ಕು ಮೂಲೆಗಳನ್ನು ಜೋಡಿಸಿ ಮುಚ್ಚಿ, ಕೊನೆಗೆ ಎರಡು ಮಧ್ಯರೇಖೆಗಳನ್ನು ಎಳೆಯುತ್ತದೆ.

300ಕ್ಕೆ 600ರ ಕಾಲಮ್ ಸರಿಯಾಗಿ ಬರುತ್ತದೆ. ಆದರೆ 225ಕ್ಕೆ 450 ಕೊಟ್ಟು, ಬಂದ ಆಯತಕ್ಕೆ ಡೈಮೆನ್ಷನ್ ಹಾಕಿ ನೋಡಿದರೆ ಅಗಲ 224 ಎಂದು ತೋರಿಸುತ್ತದೆ, ಉದ್ದ ಮಾತ್ರ 450 ಇರುತ್ತದೆ. ಮೂರು ಬಾರಿ ಅಳಿಸಿ ಹಾಕಿದೆ, ಮೂರು ಬಾರಿಯೂ 224. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ತೊಂದರೆ. ಡ್ರಾಯಿಂಗ್ ಅನ್ನು ಹತ್ತಿರಕ್ಕೆ ಝೂಮ್ ಮಾಡಿಕೊಂಡು ಕಾಲಮ್ ಇಟ್ಟರೆ ಯಾವ ದೋಷವೂ ಇಲ್ಲ. ಇಡೀ ಪ್ಲಾನ್ ಪರದೆಯ ಮೇಲೆ ಕಾಣುವಷ್ಟು ದೂರ ಹೋಗಿ ಇಟ್ಟರೆ ಒಂದೆರಡು ಮೂಲೆಗಳು ಗ್ರಿಡ್ ಛೇದನಕ್ಕೆ ಹೋಗಿ ಅಂಟಿಕೊಂಡು, ಆಯತ ತ್ರಿಕೋನದಂತೆ ಸೊಟ್ಟಗಾಗುತ್ತದೆ. ಕೋಡ್ ಒಂದೇ, ಕೊಟ್ಟ ಅಳತೆಯೂ ಒಂದೇ. ಓಸ್ನ್ಯಾಪ್ (ಬಿಂದುವನ್ನು ಹತ್ತಿರದ ತುದಿಗೋ ಛೇದನಕ್ಕೋ ಸೆಳೆಯುವ ಸೌಲಭ್ಯ) ಇದಕ್ಕೆ ಕಾರಣವಿರಬಹುದೆಂದು ಊಹಿಸಿ, ಮ್ಯಾಕ್ರೋದ ಮೊದಲ ಸಾಲಿನಲ್ಲೇ ಅದರ ಸೆಟ್ಟಿಂಗ್ ಆದ ಓಎಸ್‌ಮೋಡ್ ಅನ್ನು ಸೊನ್ನೆ ಮಾಡಿ, ಕೊನೆಯ ಸಾಲಿನಲ್ಲಿ ಹಳೆಯ ಬೆಲೆಗೆ ಮರಳಿಸಿದೆ. ಆಗ ನಡುಬಿಂದುವನ್ನು ಆರಿಸುವಾಗಲೇ ಸ್ನ್ಯಾಪ್ ಸಿಗದಂತಾಯಿತು. ಸಾಲದ್ದಕ್ಕೆ, ನಡುವೆ ಎಸ್ಕೇಪ್ ಒತ್ತಿದರೆ ಓಸ್ನ್ಯಾಪ್ ಆರಿದಂತೆಯೇ ಉಳಿದುಬಿಡುತ್ತದೆ. ಒಂದು ದಿನ ಅದು ಗಮನಕ್ಕೆ ಬಾರದೆ ಅರ್ಧ ಹಾಳೆಯಷ್ಟು ರೇಖೆಗಳನ್ನು ಕಣ್ಣಳತೆಯಲ್ಲೇ ಎಳೆದುಬಿಟ್ಟಿದ್ದೆ. ಎಲ್ಲವನ್ನೂ ಮತ್ತೆ ಎಳೆಯಬೇಕಾಯಿತು.

30 ಡಿಗ್ರಿ ತಿರುಗಿದ ಕಾಲಮ್‌ಗಾಗಿ ಗೆಟ್‌ರಿಯಲ್ ಮೂಲಕ ಕೋನವನ್ನು ಕೇಳಿ ಪೋಲಾರ್‌ಗೆ ಕೂಡಿಸಿದೆ. ಅದೂ ತಪ್ಪಾಗಿ ಬರುತ್ತಿದೆ: ಕಾಲಮ್ ಸ್ವಲ್ಪವೇ ವಾಲುತ್ತದೆ, ಅಗಲವೂ ಉದ್ದವೂ ಅದಲುಬದಲಾದಂತೆ ಕಾಣುತ್ತವೆ. ಇಷ್ಟನ್ನೂ ಸರಿಪಡಿಸಿಕೊಳ್ಳುವುದು ಹೇಗೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ನನ್ನಂಥವರು ಕಲಿಯಲು ಲಿಸ್ಪ್ ಸರಿಯಾದ ಭಾಷೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಲಿಸ್ಪ್ ಬಳಕೆದಾರ

ನಮಸ್ಕಾರ. ತಪ್ಪು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ನೀವು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಕೋಡ್ ನೋಡದೆಯೇ ಕಾರಣಗಳನ್ನು ಹೇಳಬಹುದು.

224ರ ವಿಷಯ ಚಿಕ್ಕದು. ಗೆಟ್‌ಇಂಟ್ ಕೊಡುವುದು ಪೂರ್ಣಾಂಕ. ಆಟೋಲಿಸ್ಪ್‌ನಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ ಆಗಿರುತ್ತದೆ, ದಶಮಾಂಶ ಭಾಗ ಬಿದ್ದುಹೋಗುತ್ತದೆ. 225ರ ಅರ್ಧ 112.5 ಆಗುವ ಬದಲು 112 ಆಯಿತು; ನಡುಬಿಂದುವಿನ ಎರಡೂ ಬದಿಗೆ 112ರಂತೆ ಹೋದಾಗ 224 ಬಂತು. 300, 600, 450 ಇವೆಲ್ಲ ಸಮಸಂಖ್ಯೆಗಳಾದ್ದರಿಂದ ದೋಷ ಅಡಗಿಕೊಂಡಿತ್ತು. 2ರ ಬದಲು 2.0 ಎಂದು ಬರೆಯಿರಿ, ಅಥವಾ ಗೆಟ್‌ಇಂಟ್ ಬಿಟ್ಟು ಗೆಟ್‌ಡಿಸ್ಟ್ ಬಳಸಿ. ನಾನಾದರೆ ಎರಡನ್ನೂ ಮಾಡುತ್ತೇನೆ. ಗೆಟ್‌ಡಿಸ್ಟ್ ಬಳಸಿದರೆ ಅಳತೆಯನ್ನು ಬೆರಳಚ್ಚಿಸಿಯೂ ಕೊಡಬಹುದು, ಪರದೆಯ ಮೇಲೆ ಎರಡು ಬಿಂದುಗಳನ್ನು ತೋರಿಸಿಯೂ ಕೊಡಬಹುದು.

ಕೋನದ ತೊಂದರೆಯೂ ಇಂಥದ್ದೇ. ಪೋಲಾರ್‌ಗೆ ಬೇಕಾದದ್ದು ರೇಡಿಯನ್. ನೀವು ಕೊಟ್ಟ 30 ಅನ್ನು ಅದು 30 ರೇಡಿಯನ್ ಎಂದೇ ತಿಳಿದುಕೊಳ್ಳುತ್ತದೆ. ಅಂದರೆ ನಾಲ್ಕು ಪೂರ್ತಿ ಸುತ್ತುಗಳಾದ ಮೇಲೆ ಸುಮಾರು 279 ಡಿಗ್ರಿ. 279 ಎಂದರೆ 270ಕ್ಕೆ ಇನ್ನೊಂದು 9 ಸೇರಿದಂತೆ. ಆದ್ದರಿಂದಲೇ ನಿಮ್ಮ ಕಾಲಮ್ ಅಡ್ಡ ಇರಬೇಕಾದದ್ದು ಉದ್ದಕ್ಕೆ ತಿರುಗಿ, ಅದರ ಮೇಲೆ 9 ಡಿಗ್ರಿಯಷ್ಟು ವಾಲಿದಂತೆ ಕಂಡಿತು. ಗೆಟ್‌ರಿಯಲ್ ಬದಲು ಗೆಟ್‌ಆಂಗಲ್ ಬಳಸಿ. ಬಳಕೆದಾರ 30 ಎಂದೇ ಕೊಡುತ್ತಾನೆ, ನಿಮ್ಮ ಕೈಗೆ ಮಾತ್ರ ರೇಡಿಯನ್ ಬರುತ್ತದೆ. ಒಂದು ಎಚ್ಚರಿಕೆ ಬೇಕು: ಕಮಾಂಡ್ ಫಂಕ್ಷನ್ ಮೂಲಕ ರೊಟೇಟ್‌ನಂಥ ಆಜ್ಞೆಗೆ ಕೋನ ಕಳಿಸುವಾಗ ಅಲ್ಲಿ ಡಿಗ್ರಿಯೇ ನಡೆಯುತ್ತದೆ, ಏಕೆಂದರೆ ಆಗ ನೀವು ಕೀಬೋರ್ಡಿನಿಂದ ಉತ್ತರಿಸಿದ ಹಾಗೆಯೇ ಅದು ಲೆಕ್ಕಕ್ಕೆ ಬರುತ್ತದೆ.

ಈಗ ಓಸ್ನ್ಯಾಪ್‌ಗೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೊಸಬರು ಬರೆದ ಮ್ಯಾಕ್ರೋಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ. ಕಮಾಂಡ್ ಫಂಕ್ಷನ್ ಮೂಲಕ ನೀವು ಕಳಿಸುವ ಬಿಂದುವನ್ನು ಆಟೋಕ್ಯಾಡ್ ಕಣ್ಣುಮುಚ್ಚಿ ಸ್ವೀಕರಿಸುವುದಿಲ್ಲ. ಆ ಕ್ಷಣದಲ್ಲಿ ಓಸ್ನ್ಯಾಪ್ ಚಾಲೂ ಇದ್ದರೆ, ಮೌಸ್‌ನಿಂದ ಅಲ್ಲಿ ಕ್ಲಿಕ್ ಮಾಡಿದಾಗ ಹೇಗೋ ಹಾಗೆಯೇ ಹತ್ತಿರದಲ್ಲಿ ಎಂಡ್‌ಪಾಯಿಂಟ್ ಇದೆಯೇ, ಛೇದನವಿದೆಯೇ ಎಂದು ಹುಡುಕಿ, ಸಿಕ್ಕರೆ ಅಲ್ಲಿಗೆ ಎಳೆದುಕೊಳ್ಳುತ್ತದೆ. ಈ 'ಹತ್ತಿರ' ಎಂಬುದರ ಅಳತೆ ಮಿಲಿಮೀಟರಿನಲ್ಲಿಲ್ಲ, ಪಿಕ್ಸೆಲ್‌ನಲ್ಲಿದೆ. ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಪರದೆಯ ಅಗಲ 1920 ಪಿಕ್ಸೆಲ್ ಎಂದಿರಲಿ, ಅದರಲ್ಲಿ 60 ಮೀಟರಿನ ಪ್ಲಾನ್ ಪೂರ್ತಿ ಕಾಣುತ್ತಿದೆ ಎಂದಿರಲಿ. ಆಗ ಒಂದು ಪಿಕ್ಸೆಲ್ ಎಂದರೆ 31 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಸೆಳೆಯುವ ಚೌಕ ನಡುವಿನಿಂದ ನಾಲ್ಕೂ ಬದಿಗೆ ಹತ್ತು ಪಿಕ್ಸೆಲ್ ಎಂದಿರಲಿ, ಅದು 312 ಮಿಲಿಮೀಟರ್. ನಿಮ್ಮ 300ಕ್ಕೆ 600ರ ಕಾಲಮ್‌ನ ಮೂಲೆ ನಡುಬಿಂದುವಿನಿಂದ ಅಡ್ಡಕ್ಕೆ 150, ಉದ್ದಕ್ಕೆ 300 ಮಿಲಿಮೀಟರ್ ದೂರದಲ್ಲಿದೆ, ಆ ನಡುಬಿಂದುವೇ ಗ್ರಿಡ್ ಛೇದನ. ಆದ್ದರಿಂದ ಮೂಲೆಯು ಛೇದನದ ಸೆಳೆತದೊಳಗೆ ಬಿದ್ದು ಅಲ್ಲಿಗೇ ಹೋಗಿ ಕೂತಿತು. ಅದೇ ನೀವು 6 ಮೀಟರ್ ಮಾತ್ರ ಕಾಣುವಷ್ಟು ಹತ್ತಿರ ಹೋದರೆ ಹತ್ತು ಪಿಕ್ಸೆಲ್ ಎಂದರೆ 31 ಮಿಲಿಮೀಟರ್, ಮೂಲೆ ಅದರಿಂದ ಎಷ್ಟೋ ದೂರ. ಕೋಡ್ ಬದಲಾಗದೆ ಫಲಿತಾಂಶ ಬದಲಾದದ್ದು ಹೀಗೆ.

ಓಎಸ್‌ಮೋಡ್ ಅನ್ನು ಸೊನ್ನೆ ಮಾಡುವುದು ಬಹಳ ಜನ ಹೇಳಿಕೊಡುವ ದಾರಿ. ನನಗೆ ಅದು ಒಪ್ಪಿಗೆಯಿಲ್ಲ. ಇನ್ನೊಬ್ಬರ ಮನೆಗೆ ಹೋಗಿ ದೀಪ ಆರಿಸಿದವರು ಹೊರಡುವಾಗ ಮರೆಯದೆ ಹಚ್ಚಬೇಕು. ನಡುವೆಯೇ ಎದ್ದು ಹೋಗಬೇಕಾಗಿ ಬಂದರೆ ಮನೆಯವರು ಕತ್ತಲೆಯಲ್ಲಿ ಉಳಿಯುತ್ತಾರೆ. ಅದರ ಬದಲು ಪಿಲೈನ್‌ಗೆ ಕಳಿಸುವ ಪ್ರತಿಯೊಂದು ಬಿಂದುವಿನ ಮುಂದೆಯೂ 'ನನ್' ಎಂಬ ಸ್ನ್ಯಾಪ್ ಪದವನ್ನು ಅಡಿಗೆರೆ ಸೇರಿಸಿ ಕಳಿಸಿ. ಆ ಒಂದು ಬಿಂದುವಿಗೆ ಮಾತ್ರ ಸ್ನ್ಯಾಪ್ ಬೇಡ ಎಂದು ಅದರ ಅರ್ಥ. ನಾಲ್ಕು ಮೂಲೆಗಳಿಗೆ ನಾಲ್ಕು ಬಾರಿ, ಮಧ್ಯರೇಖೆಗಳ ತುದಿಗಳಿಗೆ ಇನ್ನೂ ನಾಲ್ಕು ಬಾರಿ ಬರೆಯಬೇಕಾಗುತ್ತದೆ, ನಿಜ. ಆದರೆ ಯಾವ ಸೆಟ್ಟಿಂಗನ್ನೂ ನೀವು ಮುಟ್ಟಿರುವುದಿಲ್ಲ. ಎಸ್ಕೇಪ್ ಒತ್ತಿದರೂ ಹಾಳಾಗುವಂಥದ್ದು ಏನೂ ಇರುವುದಿಲ್ಲ. ನಡುಬಿಂದುವನ್ನು ಆರಿಸುವಾಗ ಸ್ನ್ಯಾಪ್ ಎಂದಿನಂತೆ ಸಿಗುತ್ತದೆ. ಓಸ್ನ್ಯಾಪ್‌ಕೋಆರ್ಡ್ ಎಂಬ ಸಿಸ್ಟಮ್ ವೇರಿಯಬಲ್ ಅನ್ನು 1 ಮಾಡಿಯೂ ಇದೇ ಪರಿಣಾಮ ಪಡೆಯಬಹುದು, ಆದರೆ ಅದೂ ಒಂದು ಸೆಟ್ಟಿಂಗೇ ಆದ್ದರಿಂದ ಅದನ್ನೂ ಮರಳಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ಆದರೂ ಕೆಲವನ್ನು ಬದಲಿಸದೆ ವಿಧಿಯಿಲ್ಲ. ಪ್ರಸ್ತುತ ಲೇಯರ್ ಅಂಥದ್ದರಲ್ಲಿ ಒಂದು. ಅಂಥವುಗಳಿಗಾಗಿ ಎರರ್ ಫಂಕ್ಷನ್ ಬರೆಯುವುದನ್ನು ಈಗಲೇ ರೂಢಿಸಿಕೊಳ್ಳಿ. ಎರಡೂ ಕಡೆ ನಕ್ಷತ್ರದ ಗುರುತಿರುವ ಎರರ್ ಎಂಬ ಹೆಸರಿನಲ್ಲಿ, ಸಂದೇಶವನ್ನು ಸ್ವೀಕರಿಸುವ ಒಂದು ಫಂಕ್ಷನ್ ಅನ್ನು ನಿಮ್ಮ ಮ್ಯಾಕ್ರೋದ ಒಳಗೇ ಬರೆದರೆ, ಎಸ್ಕೇಪ್ ಒತ್ತಿದಾಗಲೂ ದೋಷ ಬಂದಾಗಲೂ ಆಟೋಕ್ಯಾಡ್ ಅದನ್ನೇ ಕರೆಯುತ್ತದೆ. ಅದರಲ್ಲಿ ಸೆಟ್‌ವಾರ್ ಮೂಲಕ ಹಳೆಯ ಲೇಯರನ್ನು ಮರಳಿಸಿ. ಆ ಹೆಸರನ್ನು, ಮ್ಯಾಕ್ರೋ ಶುರುವಾಗುವ ಡಿಫನ್ ಸಾಲಿನಲ್ಲಿ ಓರೆಗೆರೆಯ ನಂತರ ಬರುವ ಲೋಕಲ್ ಹೆಸರುಗಳ (ಆ ಮ್ಯಾಕ್ರೋದೊಳಗೆ ಮಾತ್ರ ಬದುಕುವ ಹೆಸರುಗಳ) ಜೊತೆಗೆ ಸೇರಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಬೇರೆ ಮ್ಯಾಕ್ರೋಗಳು ಎಡವಿದಾಗಲೂ ನಿಮ್ಮ ಫಂಕ್ಷನ್ ಓಡಿ ಗೊಂದಲವಾಗುತ್ತದೆ. ಈ ಫಂಕ್ಷನ್ ಒಳಗೆ ಕಮಾಂಡ್ ಬಳಸಬೇಡಿ, ಈಚಿನ ಆವೃತ್ತಿಗಳಲ್ಲಿ ಅದು ತಕರಾರು ಮಾಡುತ್ತದೆ; ಆಜ್ಞೆಯನ್ನೇ ಓಡಿಸಬೇಕಾದರೆ ಕಮಾಂಡ್-ಎಸ್ ಇದೆ.

ಲೋಕಲ್ ಹೆಸರುಗಳ ಬಗ್ಗೆ ಇನ್ನೊಂದು ಮಾತು. ಬರೆದು ಪರೀಕ್ಷಿಸುವಷ್ಟು ದಿನ ವೇರಿಯಬಲ್‌ಗಳನ್ನು ಲೋಕಲ್ ಮಾಡದೆ ಬಿಡಿ. ಆಗ ಮ್ಯಾಕ್ರೋ ನಿಂತ ಮೇಲೂ ಅವುಗಳ ಬೆಲೆ ಉಳಿದಿರುತ್ತದೆ. ಕಮಾಂಡ್ ಲೈನ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ವೇರಿಯಬಲ್‌ನ ಹೆಸರು ಬರೆದು ಎಂಟರ್ ಒತ್ತಿದರೆ ಅದರಲ್ಲಿ ಏನಿದೆ ಎಂದು ತೋರಿಸುತ್ತದೆ. ಅರ್ಧ ಅಗಲವನ್ನು ಹೀಗೆ ಒಮ್ಮೆ ನೋಡಿದ್ದರೆ 112 ಎಂಬುದು ನಿಮಗೇ ಕಾಣಿಸುತ್ತಿತ್ತು. ಎಲ್ಲ ಸರಿಯಾದ ಮೇಲೆ ತಪ್ಪದೆ ಲೋಕಲ್ ಮಾಡಿ.

ಭಾಷೆಯ ಬಗ್ಗೆ ಕೇಳಿದ್ದೀರಿ. ನೀವು ಮಾಡುವಂಥ ಎರಡು ಆಯಾಮದ ಡ್ರಾಯಿಂಗ್ ಕೆಲಸಕ್ಕೆ ಲಿಸ್ಪ್‌ಗಿಂತ ಸುಲಭವಾದ ಬಾಗಿಲು ಇಲ್ಲ ಎಂಬುದು ನನ್ನ ಅಭಿಪ್ರಾಯ. ಜಾನ್ ಮೆಕಾರ್ಥಿಯವರು ಲಿಸ್ಪ್ ಅನ್ನು ರೂಪಿಸಿದ್ದು 1958ರಲ್ಲಿ. ಆಟೋಲಿಸ್ಪ್ 1986ರಲ್ಲಿ ಆಟೋಕ್ಯಾಡ್ 2.18ರೊಂದಿಗೆ ಬಂತು. ಇಷ್ಟು ಹಳೆಯದಾದ್ದರಿಂದಲೇ ಇದರಲ್ಲಿ ಬರೆದಿಟ್ಟಿರುವ ಉದಾಹರಣೆಗಳಿಗೆ ಲೆಕ್ಕವಿಲ್ಲ, ಹಳೆಯ ಕೋಡ್ ಬಹುಮಟ್ಟಿಗೆ ಇಂದಿಗೂ ಓಡುತ್ತದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್‌ಗಳಲ್ಲೂ ಲಿಸ್ಪ್ ನಡೆಯುತ್ತದೆ. ಬಹುಕಾಲ ಈ ಸೌಲಭ್ಯವಿಲ್ಲದಿದ್ದ ಆಟೋಕ್ಯಾಡ್ ಎಲ್‌ಟಿಗೂ 2024ರ ಆವೃತ್ತಿಯಿಂದ ಅದು ಸಿಕ್ಕಿದೆ. ಫ್ರೀಕ್ಯಾಡ್‌ಗೆ ಹೋಗುವುದಾದರೆ ಮಾತ್ರ ಪೈಥಾನ್ ಕಲಿಯಬೇಕು.

ಉತ್ತರ 2: ಕೀಬೋರ್ಡ್ ಡ್ರಾಫ್ಟ್ಸ್‌ಮನ್

ಮೇಲಿನವರು ಹೇಳಿದ್ದೆಲ್ಲ ಸರಿ. ಅದಕ್ಕೂ ಹಿಂದಿನ ಹೆಜ್ಜೆಯ ಬಗ್ಗೆ ನಾನು ಹೇಳಬಯಸುತ್ತೇನೆ. ಡ್ರಾಯಿಂಗ್‌ಗೆ ಮ್ಯಾಕ್ರೋ ಬರೆಯುವುದೆಂದರೆ ಕಮಾಂಡ್ ಲೈನ್ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಮುಂಚಿತವಾಗಿಯೇ ಬರೆದಿಡುವುದು. ಆದ್ದರಿಂದ ಯಾವ ಕೆಲಸವನ್ನು ಮ್ಯಾಕ್ರೋ ಮಾಡಬೇಕೆಂದಿದ್ದೀರೋ ಅದನ್ನು ಮೊದಲು ಒಮ್ಮೆ ಮೌಸ್ ಮುಟ್ಟದೆ, ರಿಬ್ಬನ್ ನೋಡದೆ, ಬರೀ ಕೀಬೋರ್ಡಿನಿಂದ ಮಾಡಿ. ಎಫ್2 ಒತ್ತಿ ಪಠ್ಯದ ಕಿಟಕಿಯನ್ನು ತೆರೆದು, ತಂತ್ರಾಂಶ ಏನು ಕೇಳಿತು, ನೀವು ಏನು ಉತ್ತರಿಸಿದಿರಿ ಎಂಬುದನ್ನು ಸಾಲುಸಾಲಾಗಿ ಓದಿ. ಎಂಟರ್ ಒತ್ತಿದ್ದನ್ನೂ ಎಣಿಸಿ. ನಾನು ಈಗಲೂ ಪ್ರತಿ ಮ್ಯಾಕ್ರೋಗೂ ಮೊದಲು ಇದನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ.

ಲೇಯರ್ ಆಜ್ಞೆಯನ್ನೇ ನೋಡಿ. ಬರಿಯ ಲೇಯರ್ ಎಂದರೆ ಪ್ಯಾಲೆಟ್ ತೆರೆದುಕೊಳ್ಳುತ್ತದೆ, ಮ್ಯಾಕ್ರೋಗೆ ಅದು ಉಪಯೋಗವಿಲ್ಲ. ಮುಂದೆ ಒಂದು ಅಡ್ಡಗೀಟು ಹಾಕಿದರೆ ಅದೇ ಆಜ್ಞೆ ಕಮಾಂಡ್ ಲೈನ್‌ನಲ್ಲಿ ಪ್ರಶ್ನೆ ಕೇಳತೊಡಗುತ್ತದೆ. ಅಲ್ಲಿ ಸೆಟ್ ಎಂಬುದಕ್ಕೆ ಎಸ್, ಆಮೇಲೆ ಲೇಯರಿನ ಹೆಸರು, ಆಮೇಲೆ ಎಂಟರ್. ಇಷ್ಟಕ್ಕೇ ಆಜ್ಞೆ ಮುಗಿಯುವುದಿಲ್ಲ, ಮತ್ತೆ ಅದೇ ಆಯ್ಕೆಗಳ ಪಟ್ಟಿ ಬರುತ್ತದೆ. ಹೊರಗೆ ಬರಲು ಇನ್ನೊಂದು ಎಂಟರ್ ಬೇಕು. ಈ ಕೊನೆಯ ಎಂಟರ್ ಬಿಟ್ಟರೆ, ಮುಂದಿನ ಪಿಲೈನ್ ಎಂಬ ಪದವನ್ನು ಲೇಯರ್ ಆಜ್ಞೆಯೇ ತನ್ನ ಪ್ರಶ್ನೆಗೆ ಉತ್ತರವೆಂದು ತೆಗೆದುಕೊಂಡು, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮನೆ ಸರಿದುಹೋಗುತ್ತದೆ. ಲಿಸ್ಪ್‌ನಲ್ಲಿ ಖಾಲಿ ಉದ್ಧರಣ ಚಿಹ್ನೆಗಳ ಜೋಡಿಯೇ ಎಂಟರ್. ಬಟನ್ ಮ್ಯಾಕ್ರೋದಲ್ಲಿ ಅರ್ಧವಿರಾಮ ಚಿಹ್ನೆ ಎಂಟರ್, ಹಿಂದಕ್ಕೆ ವಾಲಿದ ಓರೆಗೆರೆ ಬಳಕೆದಾರನಿಗಾಗಿ ಕಾಯುವ ಗುರುತು. ಸೆಟ್ ಬದಲು ಮೇಕ್ ಬಳಸಿದರೆ ಆ ಹೆಸರಿನ ಲೇಯರ್ ಇಲ್ಲದಿದ್ದರೂ ಸೃಷ್ಟಿಯಾಗುತ್ತದೆ, ಇನ್ನೊಬ್ಬರ ಡ್ರಾಯಿಂಗ್‌ನಲ್ಲಿ ಮ್ಯಾಕ್ರೋ ಓಡಿಸುವಾಗ ಅದೇ ಕ್ಷೇಮ.

ಆಜ್ಞೆಯ ಹೆಸರಿನ ಮುಂದೆ ಅಡಿಗೆರೆಯನ್ನೂ ಚುಕ್ಕೆಯನ್ನೂ ಹಾಕುವುದನ್ನು ನೀವು ನೋಡಿರಬಹುದು. ಅಡಿಗೆರೆ ಇದ್ದರೆ ಬೇರೆ ಭಾಷೆಯ ಆವೃತ್ತಿಯಲ್ಲೂ ಆ ಇಂಗ್ಲಿಷ್ ಹೆಸರು ನಡೆಯುತ್ತದೆ. ಚುಕ್ಕೆ ಇದ್ದರೆ ಆ ಹೆಸರಿನ ಆಜ್ಞೆಯನ್ನು ಯಾರಾದರೂ ಬದಲಿಸಿ ಬರೆದಿದ್ದರೂ ಮೂಲ ಆಜ್ಞೆಯೇ ಓಡುತ್ತದೆ.

ಬಟನ್ ಮ್ಯಾಕ್ರೋವನ್ನು ಕೈಬಿಟ್ಟೆ ಎಂಬಂತೆ ನೀವು ಬರೆದಿದ್ದೀರಿ. ಅದಕ್ಕೆ ಅದರದೇ ಸ್ಥಾನವಿದೆ. ಲೆಕ್ಕವಿಲ್ಲದ, ಒಂದೇ ದಾರಿಯಲ್ಲಿ ಸಾಗುವ ಕೆಲಸಕ್ಕೆ ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಲಿಸ್ಪ್ ಆಜ್ಞೆ ಸಿದ್ಧವಾದ ಮೇಲೆ ಅದನ್ನು ಕರೆಯುವ ಬಟನ್ ಒಂದನ್ನು ಮಾಡಿ, ಅದರ ಆರಂಭದಲ್ಲಿ ಕಂಟ್ರೋಲ್-ಸಿ ಸೂಚಿಸುವ ಗುರುತನ್ನು ಎರಡು ಬಾರಿ ಹಾಕಿದರೆ ಅರ್ಧಕ್ಕೆ ನಿಂತ ಯಾವ ಆಜ್ಞೆಯಿದ್ದರೂ ರದ್ದಾಗಿ ನಿಮ್ಮದು ಶುರುವಾಗುತ್ತದೆ.

ಪ್ರತಿಕ್ರಿಯೆ: ಹೊಸ ಅಭ್ಯಾಸಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಕುಳಿತು ಎಲ್ಲವನ್ನೂ ತಿದ್ದಿದೆ. 225ರ ಕಾಲಮ್ 225 ಆಗಿಯೇ ಬಂತು. ಇಡೀ ಪ್ಲಾನ್ ಕಾಣುವಂತೆ ಝೂಮ್ ಮಾಡಿ ಹನ್ನೆರಡು ಕಾಲಮ್‌ಗಳನ್ನು ಒಂದರ ಹಿಂದೆ ಒಂದು ಇಟ್ಟೆ, ಒಂದೂ ಸೊಟ್ಟಗಾಗಲಿಲ್ಲ. ಕೀಬೋರ್ಡಿನಿಂದ ಮಾಡಿ ನೋಡಿದಾಗಲಂತೂ ಲೇಯರ್ ಆಜ್ಞೆಯಲ್ಲಿ ನಾನು ನಿಜವಾಗಿಯೂ ಒಂದು ಎಂಟರ್ ಕಡಿಮೆ ಹಾಕಿದ್ದೆ ಎಂಬುದು ತಿಳಿಯಿತು. ಅದು ಇಷ್ಟು ದಿನ ಹೇಗೋ ನಡೆದುಕೊಂಡು ಬಂದದ್ದು ಬೇರೆ ಕಡೆ ಹೆಚ್ಚಿಗೆ ಇದ್ದ ಇನ್ನೊಂದು ಎಂಟರ್‌ನಿಂದ.

ಎರಡು ತೊಂದರೆಗಳು ಉಳಿದಿವೆ. ಅಗಲ ಕೇಳಿದಾಗ ಏನೂ ಕೊಡದೆ ಎಂಟರ್ ಒತ್ತಿದರೆ 'ಬ್ಯಾಡ್ ಆರ್ಗ್ಯುಮೆಂಟ್ ಟೈಪ್: ನಂಬರ್‌ಪಿ: ನಿಲ್' ಎಂದು ಬಂದು ಮ್ಯಾಕ್ರೋ ನಿಲ್ಲುತ್ತದೆ. ಇನ್ನೊಂದು, ಕಾಲಮ್ ತಪ್ಪಾಗಿ ಇಟ್ಟಾಗ ಹಿಂದಕ್ಕೆ ಹೋಗಲು ಅನ್‌ಡೂ ಅನ್ನು ನಾಲ್ಕೈದು ಬಾರಿ ಒತ್ತಬೇಕಾಗುತ್ತದೆ. ಒಮ್ಮೆಗೇ ಹೋಗುವಂತೆ ಮಾಡಲು ಸಾಧ್ಯವೇ? ಇದರ ಜೊತೆಗೆ, ಮ್ಯಾಕ್ರೋವನ್ನು ನನ್ನ ಜೊತೆ ಕೆಲಸ ಮಾಡುವ ಇಬ್ಬರಿಗೆ ಕೊಡಬೇಕೆಂದಿದ್ದೇನೆ. ಆದರೆ ಒಂದು ಡ್ರಾಯಿಂಗ್‌ನಲ್ಲಿ ಲೋಡ್ ಮಾಡಿದ ಮೇಲೆ ಇನ್ನೊಂದನ್ನು ತೆರೆದರೆ ಅಲ್ಲಿ ಆ ಆಜ್ಞೆಯೇ ಇಲ್ಲ ಎನ್ನುತ್ತದೆ.

ಉತ್ತರ 3: ಲಿಸ್ಪ್ ಬಳಕೆದಾರ

ನಿಲ್ ಎಂದರೆ 'ಏನೂ ಇಲ್ಲ'. ಬರಿಯ ಎಂಟರ್ ಒತ್ತಿದಾಗ ಗೆಟ್‌ಡಿಸ್ಟ್ ನಿಲ್ ಕೊಡುತ್ತದೆ, ಅದನ್ನು 2.0ರಿಂದ ಭಾಗಿಸಲು ಹೋದಾಗ ಸಂಖ್ಯೆ ಇರಬೇಕಾದ ಕಡೆ ಸಂಖ್ಯೆ ಇಲ್ಲವೆಂದು ಈ ಸಂದೇಶ ಬರುತ್ತದೆ. ಗೆಟ್‌ಡಿಸ್ಟ್ ಸಾಲಿನ ಹಿಂದಿನ ಸಾಲಿನಲ್ಲಿ ಇನಿಟ್‌ಗೆಟ್ 7 ಎಂದು ಬರೆಯಿರಿ. 1 ಎಂದರೆ ಖಾಲಿ ಉತ್ತರ ಬೇಡ, 2 ಎಂದರೆ ಸೊನ್ನೆ ಬೇಡ, 4 ಎಂದರೆ ಋಣಸಂಖ್ಯೆ ಬೇಡ. ಮೂರನ್ನೂ ಕೂಡಿಸಿದರೆ 7. ಇದರ ಪ್ರಭಾವ ಅದರ ಮುಂದಿನ ಒಂದು ಪ್ರಶ್ನೆಗೆ ಮಾತ್ರ ಇರುತ್ತದೆ, ಆದ್ದರಿಂದ ಅಗಲಕ್ಕೊಮ್ಮೆ, ಉದ್ದಕ್ಕೊಮ್ಮೆ ಎರಡು ಕಡೆಯೂ ಬರೆಯಬೇಕು. ನಡುಬಿಂದುವಿಗೆ 1 ಸಾಕು.

ಅನ್‌ಡೂಗೆ ಸುಲಭ ಪರಿಹಾರವಿದೆ. ಪ್ರಶ್ನೆಗಳೆಲ್ಲ ಮುಗಿದು ಎಳೆಯುವ ಕೆಲಸ ಶುರುವಾಗುವ ಮುನ್ನ ಅನ್‌ಡೂ ಆಜ್ಞೆಯನ್ನು ಬಿಗಿನ್ ಎಂಬ ಉತ್ತರದೊಂದಿಗೆ ಕಳಿಸಿ, ಕೊನೆಯಲ್ಲಿ ಎಂಡ್‌ನೊಂದಿಗೆ ಕಳಿಸಿ. ನಡುವಿನದೆಲ್ಲ ಒಂದೇ ಗುಂಪಾಗಿ, ಒಂದೇ ಬಾರಿಗೆ ಹಿಂದಕ್ಕೆ ಹೋಗುತ್ತದೆ. ಎರರ್ ಫಂಕ್ಷನ್‌ನಲ್ಲೂ, ಗುಂಪು ಶುರುವಾಗಿದ್ದರೆ, ಕಮಾಂಡ್-ಎಸ್ ಮೂಲಕ ಎಂಡ್ ಕಳಿಸುವುದು ಅಗತ್ಯ.

ಇದರ ಜೊತೆಗೆ ನೀವು ಕೇಳದ ಒಂದು ವಿಷಯವನ್ನು ಹೇಳುತ್ತೇನೆ, ಏಕೆಂದರೆ ಈಗ ನೀವು ಅದಕ್ಕೆ ಸಿದ್ಧರಾಗಿದ್ದೀರಿ ಎನಿಸುತ್ತದೆ. ಮಧ್ಯರೇಖೆಗಳನ್ನು ಕಮಾಂಡ್ ಇಲ್ಲದೆ ಎಂಟ್‌ಮೇಕ್ ಮೂಲಕ ಹಾಕಿ ನೋಡಿ. ಆಟೋಕ್ಯಾಡ್ ಪ್ರತಿ ರೇಖೆಯನ್ನೂ ಒಂದು ಪಟ್ಟಿಯಾಗಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ 0 ಎಂಬ ಸಂಖ್ಯೆಯ ಜೊತೆಗೆ ವಸ್ತುವಿನ ಬಗೆ, 8ರ ಜೊತೆಗೆ ಲೇಯರ್, 10ರ ಜೊತೆಗೆ ಆರಂಭಬಿಂದು, 11ರ ಜೊತೆಗೆ ಕೊನೆಯ ಬಿಂದು. ಈ ನಾಲ್ಕು ಜೋಡಿಗಳ ಪಟ್ಟಿ ಕಟ್ಟಿ ಎಂಟ್‌ಮೇಕ್‌ಗೆ ಕೊಟ್ಟರೆ ಆ ಲೇಯರಿನಲ್ಲಿ ರೇಖೆ ಸಿದ್ಧ. ಯಾವ ಪ್ರಶ್ನೆಯೂ ಇಲ್ಲ, ಓಸ್ನ್ಯಾಪ್ ಹತ್ತಿರ ಸುಳಿಯುವುದಿಲ್ಲ, ಪ್ರಸ್ತುತ ಲೇಯರನ್ನು ಬದಲಿಸಿ ಮರಳಿಸುವ ಕೆಲಸವೇ ಇಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಗೆಟ್‌ಪಾಯಿಂಟ್ ಕೊಡುವ ಬಿಂದು ನೀವು ಆ ಹೊತ್ತಿಗೆ ಬಳಸುತ್ತಿರುವ ಯುಸಿಎಸ್‌ನಲ್ಲಿರುತ್ತದೆ (ಬಳಕೆದಾರ ತನಗೆ ಬೇಕಾದಂತೆ ತಿರುಗಿಸಿಟ್ಟುಕೊಳ್ಳುವ ಅಕ್ಷಗಳು), ಎಂಟ್‌ಮೇಕ್ ರೇಖೆಗೆ ಬಯಸುವುದು ಎಂದೂ ಬದಲಾಗದ ವರ್ಲ್ಡ್ ನಿರ್ದೇಶಾಂಕಗಳನ್ನು. ಯುಸಿಎಸ್ ತಿರುಗಿಸಿಟ್ಟಿರುವ ಡ್ರಾಯಿಂಗ್‌ನಲ್ಲಿ ರೇಖೆಗಳು ಎಲ್ಲೋ ಹೋಗಿ ಬೀಳದಿರಲು, ಬಿಂದುಗಳನ್ನೆಲ್ಲ ಮೊದಲು ಪೋಲಾರ್‌ನಿಂದ ಲೆಕ್ಕ ಹಾಕಿ, ಆಮೇಲೆ ಒಂದೊಂದನ್ನೂ ಟ್ರಾನ್ಸ್ ಮೂಲಕ 1ರಿಂದ (ಯುಸಿಎಸ್) 0ಗೆ (ವರ್ಲ್ಡ್) ಪರಿವರ್ತಿಸಿ ಕೊಡಿ. ಪಿಲೈನ್‌ಗೆ ಎಂಟ್‌ಮೇಕ್ ಪಟ್ಟಿ ಸ್ವಲ್ಪ ಉದ್ದ. ರೇಖೆ ಕೈಗೆ ಹತ್ತಿದ ಮೇಲೆ ಅದನ್ನು ಕಲಿಯಿರಿ. ಈಗಾಗಲೇ ಇರುವ ಒಂದು ಪಿಲೈನ್ ಅನ್ನು ಎಂಟ್‌ಸೆಲ್‌ನಿಂದ ಆರಿಸಿ ಎಂಟ್‌ಗೆಟ್ ಮಾಡಿ ನೋಡಿದರೆ ಅದರ ಪಟ್ಟಿ ಪೂರ್ತಿ ಕಣ್ಣಿಗೆ ಬೀಳುತ್ತದೆ.

ಉತ್ತರ 4: ಕೀಬೋರ್ಡ್ ಡ್ರಾಫ್ಟ್ಸ್‌ಮನ್

ಲೋಡ್ ಮಾಡುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಲಿಸ್ಪ್‌ನಲ್ಲಿ ಬರೆದದ್ದು ಆಯಾ ಡ್ರಾಯಿಂಗ್‌ಗೆ ಸೀಮಿತವಾಗಿರುತ್ತದೆ. ಒಂದರಲ್ಲಿ ಲೋಡ್ ಆದದ್ದು ಪಕ್ಕದ ಡ್ರಾಯಿಂಗ್‌ಗೆ ಕಾಣುವುದಿಲ್ಲ. ಆಪ್‌ಲೋಡ್ ಆಜ್ಞೆಯ ಕಿಟಕಿಯಲ್ಲಿ ಸ್ಟಾರ್ಟಪ್ ಸೂಟ್ ಎಂಬ ಪೆಟ್ಟಿಗೆಯಿದೆ, ಅದಕ್ಕೆ ನಿಮ್ಮ ಫೈಲ್ ಸೇರಿಸಿದರೆ ತೆರೆದ ಪ್ರತಿ ಡ್ರಾಯಿಂಗ್‌ನಲ್ಲೂ ತಾನಾಗಿ ಲೋಡ್ ಆಗುತ್ತದೆ. ಫೈಲುಗಳು ಹೆಚ್ಚಾದಾಗ ಅಕ್ಯಾಡ್‌ಡಾಕ್ ಎಂಬ ಹೆಸರಿನ ಲಿಸ್ಪ್ ಫೈಲ್ ಮಾಡಿ, ಅದರಿಂದ ಉಳಿದವನ್ನು ಕರೆಸಿಕೊಳ್ಳಬಹುದು. ಲೋಡ್ ಮಾಡುವಾಗ 'ಮಾಲ್‌ಫಾರ್ಮ್ಡ್ ಲಿಸ್ಟ್ ಆನ್ ಇನ್‌ಪುಟ್' ಎಂದು ಬಂದರೆ ಎಲ್ಲೋ ಒಂದು ಬಲ ಆವರಣ ಬಿಟ್ಟಿದ್ದೀರಿ, ಅಥವಾ ಉದ್ಧರಣ ಚಿಹ್ನೆಯೊಂದನ್ನು ಮುಚ್ಚಿಲ್ಲ ಎಂದು ತಿಳಿಯಿರಿ. ಎರಡನೆಯದನ್ನು ಜನ ಬೇಗ ಗಮನಿಸುವುದಿಲ್ಲ.

ಜೊತೆಯವರಿಗೆ ಕೊಡುವಾಗ ಫೈಲುಗಳನ್ನು ಡ್ರಾಯಿಂಗ್ ಇರುವ ಫೋಲ್ಡರಿನಲ್ಲಿ ಇಡಬೇಡಿ. ಪ್ರತ್ಯೇಕ ಫೋಲ್ಡರ್ ಮಾಡಿ, ಅದೊಂದನ್ನೇ ಆಪ್ಷನ್ಸ್‌ನಲ್ಲಿ ವಿಶ್ವಾಸಾರ್ಹ ಸ್ಥಳಗಳ ಪಟ್ಟಿಗೆ ಸೇರಿಸಿ. ಪದೇ ಪದೇ ಎಚ್ಚರಿಕೆ ಬರುತ್ತದೆಂದು ಆ ಎಚ್ಚರಿಕೆಯನ್ನು ನಿಯಂತ್ರಿಸುವ ಸೆಕ್ಯೂರ್‌ಲೋಡ್ ಸೆಟ್ಟಿಂಗನ್ನು ಸೊನ್ನೆ ಮಾಡುವುದು ಬೇಡ. ಆ ಎಚ್ಚರಿಕೆಗೆ ಕಾರಣವಿದೆ. 2012ರಲ್ಲಿ ಪತ್ತೆಯಾದ ಮೆಡ್ರೆ ಎಂಬ ಕಂಪ್ಯೂಟರ್ ಹುಳುವನ್ನು (ವರ್ಮ್) ಬರೆದದ್ದು ಆಟೋಲಿಸ್ಪ್‌ನಲ್ಲೇ. ಅದು ತೆರೆದ ಡ್ರಾಯಿಂಗ್‌ಗಳನ್ನು ಇಮೇಲ್ ಮೂಲಕ ಹೊರಗೆ ಕಳಿಸುತ್ತಿತ್ತು. ಹೊರಗಿನಿಂದ ಬಂದ ಡ್ರಾಯಿಂಗ್ ಫೋಲ್ಡರಿನಲ್ಲಿ ನೀವು ಇಡದ ಲಿಸ್ಪ್ ಅಥವಾ ಎಫ್‌ಎಎಸ್ (ಕಂಪೈಲ್ ಮಾಡಿದ ಲಿಸ್ಪ್) ಫೈಲ್ ಕಂಡರೆ ಡ್ರಾಯಿಂಗ್ ತೆರೆಯುವ ಮೊದಲೇ ಅದನ್ನು ಬೇರೆ ಕಡೆಗೆ ಸರಿಸಿಡಿ.

ಪ್ರತಿಕ್ರಿಯೆ: ಹೊಸ ಅಭ್ಯಾಸಿ

ಸ್ಟಾರ್ಟಪ್ ಸೂಟ್‌ಗೆ ಸೇರಿಸಿದೆ, ಎಲ್ಲ ಡ್ರಾಯಿಂಗ್‌ಗಳಲ್ಲೂ ಆಜ್ಞೆ ಸಿಗುತ್ತಿದೆ. ಇನಿಟ್‌ಗೆಟ್ ಹಾಕಿದ ಮೇಲೆ ಖಾಲಿ ಎಂಟರ್ ಒತ್ತಿದರೆ ಮ್ಯಾಕ್ರೋ ನಿಲ್ಲದೆ ಮತ್ತೆ ಅಗಲ ಕೇಳುತ್ತದೆ. ಮಧ್ಯರೇಖೆಗಳನ್ನು ಎಂಟ್‌ಮೇಕ್‌ಗೆ ಬದಲಿಸಿದೆ. ಯುಸಿಎಸ್ ಅನ್ನು 30 ಡಿಗ್ರಿ ತಿರುಗಿಸಿ ಪರೀಕ್ಷಿಸಿದಾಗ ಮೊದಲ ಬಾರಿ ರೇಖೆಗಳು ಕಾಲಮ್ ಬಿಟ್ಟು ದೂರ ಹೋಗಿ ಬಿದ್ದವು. ನೋಡಿದರೆ ಆರಂಭಬಿಂದುವಿಗೆ ಮಾತ್ರ ಟ್ರಾನ್ಸ್ ಹಾಕಿ, ಕೊನೆಯ ಬಿಂದುವಿಗೆ ಮರೆತಿದ್ದೆ. ಎರಡಕ್ಕೂ ಹಾಕಿದ ಮೇಲೆ ಸರಿಯಾಗಿ ಕುಳಿತವು. ಇಂದು ಬೆಳಿಗ್ಗೆ ನಲವತ್ತೆಂಟು ಕಾಲಮ್‌ಗಳ ಹಾಳೆಯೊಂದನ್ನು ಇದರಲ್ಲೇ ಮುಗಿಸಿದ್ದೇನೆ. ಇನ್ನು ಪಿಲೈನ್‌ನ ಎಂಟ್‌ಗೆಟ್ ಪಟ್ಟಿಯನ್ನು ತೆರೆದು ಓದಲು ಕುಳಿತಿದ್ದೇನೆ. 90ರ ಮುಂದೆ 4 ಎಂದಿರುವುದು ಮೂಲೆಗಳ ಎಣಿಕೆ, 70ರ ಮುಂದೆ 1 ಎಂದಿರುವುದು ಮುಚ್ಚಿದ ಪಿಲೈನ್‌ನ ಗುರುತು ಎಂದು ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ.

ಉತ್ತರ 5: ಲಿಸ್ಪ್ ಬಳಕೆದಾರ

ಎರಡೂ ಸರಿ. ಆ ಪಟ್ಟಿಯಲ್ಲಿ 100 ಎಂಬ ಸಂಖ್ಯೆಯ ಎರಡು ಜೋಡಿಗಳಿವೆ, ಪಿಲೈನ್‌ಗೆ ಎಂಟ್‌ಮೇಕ್ ಮಾಡುವಾಗ ಅವೆರಡನ್ನೂ ಅದೇ ಕ್ರಮದಲ್ಲಿ ಬರೆಯಬೇಕು. ಬಿಟ್ಟರೆ ಎಂಟ್‌ಮೇಕ್ ಯಾವ ದೋಷವನ್ನೂ ತೋರಿಸದೆ ಬರಿಯ ನಿಲ್ ಕೊಟ್ಟು ಸುಮ್ಮನಾಗುತ್ತದೆ.